ಉಡಿದಾರದ ಕೆಳಗಿನ ಉಣುಗು

ಜನವರಿಯಿಂದ ಮಾರ್ಚ್ ತನಕ ನಮ್ಮ ಸಾಗರ ಸೀಮೆಯ ಯಾವ ತೋಟದ ಮನೆಗೆ ಹೋದರೂ ಒಂದು ದೃಶ್ಯ ಕಾಣುತ್ತದೆ. ಅಡಕೆ ಧಾರಣೆಯ ಬಗ್ಗೆ ಗಂಭೀರವಾಗಿ ಮಾತನಾಡುತ್ತಿದ್ದವರ ಕೈ ಮೆಲ್ಲಗೆ ಸೊಂಟದ ಕಡೆ ಜಾರುತ್ತದೆ. ಮಾತು ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ. ಎದುರು ಕೂತವರೂ ಏನೆಂದು ಕೇಳುವುದಿಲ್ಲ, ಏಕೆಂದರೆ ಅವರೂ ಮೊಣಕಾಲಿನ ಹಿಂದೆ ತುರಿಸಿಕೊಳ್ಳುತ್ತಿರುತ್ತಾರೆ.

ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ದರಕು (ಉದುರಿದ ಒಣ ಎಲೆ) ಗುಡಿಸುವ ಕೆಲಸ ನನಗೆ ಇಪ್ಪತ್ತು ವರ್ಷಗಳಿಂದ ಇದೆ. ಎಲೆ ಉದುರುವುದೇ ಬೇಸಿಗೆಯ ಮುಖದಲ್ಲಿ, ರಕ್ತ ಹೀರುವ ಉಣುಗಿನ (ಉಣ್ಣೆಹುಳುವಿನ) ಮರಿಗಳು ಒಣ ಎಲೆಯ ನಡುವೆ ಹೆಚ್ಚಾಗಿರುವುದೂ ಆಗಲೇ. ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ. ತೋಟಕ್ಕೆ ಮುಚ್ಚಿಗೆ ಬೇಕಲ್ಲ! ಹಾಗಾಗಿ ಹೋಗುವ ಕ್ರಮವನ್ನೇ ಬದಲಾಯಿಸಿಕೊಂಡೆ.

ಮೊದಲು ಬದಲಾದದ್ದು ಬಟ್ಟೆ. ಹಿಂದೆ ಹಳೆಯ ಕಂದು ಪಂಚೆ ಉಟ್ಟು ಹೋಗುತ್ತಿದ್ದೆ. ಗಸಗಸೆ ಕಾಳಿನಷ್ಟಿರುವ ಮರಿ ಅದರ ಮೇಲೆ ಹರಿದರೆ ಬ್ರಹ್ಮನಿಗೂ ಕಾಣದು. ಈಗ ಬಿಳಿಚಿದ ತಿಳಿನೀಲಿ ಪ್ಯಾಂಟು, ಉದ್ದ ತೋಳಿನ ಅಂಗಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸುತ್ತೇನೆ, ಅಂಗಿಯನ್ನು ಪ್ಯಾಂಟಿನೊಳಗೆ. ನೋಡುವವರಿಗೆ ಶಾಲೆಯ ಕವಾಯತಿಗೆ ಹೊರಟಂತೆ ಕಾಣಿಸಬಹುದು. ಉಣುಗು ಹಾರುವುದಿಲ್ಲ, ಕಾಲಿನಿಂದ ಮೇಲಕ್ಕೆ ಹತ್ತುತ್ತದೆ, ಬಟ್ಟೆ ಬಿಗಿದಿರುವ ಕಡೆ ತಡೆದು ಅಲ್ಲೇ ಕಚ್ಚಿಕೊಳ್ಳುತ್ತದೆ. ಉಡಿದಾರದ ಕೆಳಗೆ, ಮೊಣಕಾಲಿನ ಹಿಂದೆ, ಕಂಕುಳಲ್ಲಿ. ಚರ್ಮ ಸಿಗದಂತೆ ಮಾಡಿದರೆ ಅದು ಬಟ್ಟೆಯ ಮೇಲೆಯೇ ಹತ್ತಬೇಕು, ಹತ್ತುವಾಗ ನನ್ನ ಕಣ್ಣಿಗೆ ಬೀಳಬೇಕು. ಅರ್ಧ ಗಂಟೆಗೊಮ್ಮೆ ಕೆಲಸ ನಿಲ್ಲಿಸಿ ಕಾಲು ನೋಡಿಕೊಳ್ಳುತ್ತೇನೆ. ಜೇಬಿನಲ್ಲಿ ಒಂದು ಸುರುಳಿ ಅಂಟುಪಟ್ಟಿ ಇರುತ್ತದೆ. ಹರಿದಾಡುವ ಮರಿಗಳ ಮೇಲೆ ಅದನ್ನು ಒತ್ತಿ ಎತ್ತಿದರೆ ಹತ್ತಿಪ್ಪತ್ತು ಒಟ್ಟಿಗೆ ಬರುತ್ತವೆ. ಬೆಳಕಿಗೆ ಹಿಡಿದು ನೋಡಿ: ಪಟ್ಟಿಗೆ ಬೆನ್ನು ಅಂಟಿ ಕಾಲುಗಳು ಗಾಳಿಯಲ್ಲಿ ಈಜುತ್ತಿರುತ್ತವೆ. ಆಗಷ್ಟೇ ಮೊಟ್ಟೆಯೊಡೆದದ್ದಕ್ಕೆ ಆರು ಕಾಲು, ಮುಂದಿನ ಹಂತದಲ್ಲಿ ಎಂಟು. ಇದು ಕೀಟವೇ ಅಲ್ಲ, ಜೇಡದ ನೆಂಟ.

ಹೊರಡುವ ಮೊದಲು ಉಣುಗನ್ನು ದೂರವಿಡುವ ಡೇಪಾ ತೈಲ. ಆರೋಗ್ಯ ಇಲಾಖೆಯಿಂದ ಆಶಾ ಕಾರ್ಯಕರ್ತೆಯರು ಮನೆಗೇ ತಂದುಕೊಡುತ್ತಾರೆ. ಅಂಗೈಗೆ ಹಾಕಿಕೊಂಡು ಪಾದ, ಕಾಲು, ಕೈ, ಕುತ್ತಿಗೆಗೆ ತೆಳ್ಳಗೆ ಸವರುತ್ತೇನೆ. ಕಣ್ಣು, ಬಾಯಿ, ಗಾಯದ ಹತ್ತಿರ ಇಲ್ಲ. ಬೆವರು ಹರಿದರೆ ಅದರ ಕೆಲಸವೂ ಹರಿದುಹೋಗುತ್ತದೆ, ಮತ್ತೆ ಹಚ್ಚಬೇಕು. ಇದನ್ನು ಮರೆತು ಬೆಳಿಗ್ಗೆಯ ಲೇಪನವನ್ನೇ ಸಂಜೆವರೆಗೆ ನಂಬಿದ್ದ ವರ್ಷ ಹದಿನೇಳು ಕಡೆ ಕಚ್ಚಿಸಿಕೊಂಡಿದ್ದೆ. ಎಣಿಸಿದ್ದು ಹೆಂಡತಿ.

ಮರಳಿ ಬಂದ ಮೇಲಿನ ಒಂದು ಗಂಟೆಯೇ ಎಲ್ಲಕ್ಕಿಂತ ಮುಖ್ಯ. ನಾನು ಜಗಲಿ ಹತ್ತುವುದಿಲ್ಲ, ಹಿತ್ತಲಿನಿಂದ ನೇರ ಬಚ್ಚಲಿಗೆ. ಕಳಚಿದ ಬಟ್ಟೆಯ ಮೇಲೆ ಹಂಡೆಯ ಕುದಿನೀರು ಸುರಿದು, ಮೈಗೆ ಸೋಪು ಹಚ್ಚಿ ತಿಕ್ಕಿ ಸ್ನಾನ. ಆಮೇಲೆ ದೀಪದ ಬೆಳಕಿನಲ್ಲಿ ತಪಾಸಣೆ. ಬೆನ್ನನ್ನು ಇನ್ನೊಬ್ಬರೇ ನೋಡಬೇಕು. ಈ ವಿಷಯದಲ್ಲಿ ನಾಚಿಕೆಪಟ್ಟವರು ಬೇರೆಯವರಿಗಿಂತ ಹೆಚ್ಚು ದಿನ ತುರಿಸಿಕೊಳ್ಳುತ್ತಾರೆ.

ಕಚ್ಚಿಕೊಂಡದ್ದು ಸಿಕ್ಕರೆ ಚೂಪು ತುದಿಯ ಚಿಮುಟ ಬೇಕು. ಉಗುರಿನಿಂದ ಕಿತ್ತರೆ ಹೊಟ್ಟೆ ಒಡೆಯುತ್ತದೆ, ಬಾಯಿ ಒಳಗೇ ಉಳಿಯುತ್ತದೆ. ಚರ್ಮಕ್ಕೆ ಆದಷ್ಟು ಹತ್ತಿರ, ಅದರ ಬಾಯಿಯ ಬುಡದಲ್ಲಿ ಹಿಡಿದು, ತಿರುಚದೆ ನಿಧಾನವಾಗಿ ಒಂದೇ ಸಮ ಮೇಲಕ್ಕೆ ಎಳೆಯಬೇಕು. ಚರ್ಮ ಸಣ್ಣ ಗುಡಾರದಂತೆ ಎದ್ದು ನಿಲ್ಲುತ್ತದೆ, ಆಮೇಲೆ ಟಕ್ಕೆಂದು ಬಿಡುತ್ತದೆ. ಸೀಮೆಎಣ್ಣೆ ಸುರಿಯುವುದು, ಬೀಡಿ ತಾಗಿಸುವುದು, ಎರಡನ್ನೂ ನೋಡಿದ್ದೇನೆ, ಎರಡೂ ಬೇಡ. ತೆಗೆದ ಜಾಗವನ್ನು ಸೋಪು ನೀರಿನಲ್ಲಿ ತೊಳೆದರೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ, ತುರಿಕೆ ಶುರುವಾಗುವುದು ಆಮೇಲೆ.

ತುರಿಕೆಗೆ ಕಾರಣ ಅದು ಬಿಟ್ಟುಹೋದ ಜೊಲ್ಲು. ಅದನ್ನು ಪರಕೀಯವೆಂದು ಗುರುತಿಸಿದ ನಮ್ಮ ದೇಹ ಹಿಸ್ಟಮಿನ್ ಮುಂತಾದವನ್ನು ಬಿಡುತ್ತದೆ, ಜಾಗ ಕೆಂಪಾಗಿ ಉಬ್ಬುತ್ತದೆ. ಸೊಳ್ಳೆ ಕಚ್ಚಿದ್ದು ಒಂದೆರಡು ದಿನದಲ್ಲಿ ಇಳಿದರೆ, ಉಣುಗಿನ ಗಂಟು ವಾರಗಟ್ಟಲೆ ಉಳಿಯಬಹುದು. ಯುಗಾದಿಗೆ ಕಚ್ಚಿದ್ದು ಮಳೆ ಹಿಡಿಯುವವರೆಗೂ ನನ್ನನ್ನು ಕಾಡಿದ್ದಿದೆ.

ಒಮ್ಮೆ ಹೀಗಾದಾಗ ಅಮ್ಮ ಎಲೆಪೆಟ್ಟಿಗೆಯಿಂದ ಸುಣ್ಣ ತೆಗೆದು, "ಸ್ವಲ್ಪ ಹಚ್ಚು ಮಾರಾಯ, ಸೆಳೆತ ನಿಲ್ಲುತ್ತದೆ" ಎಂದಳು. ಸ್ವಲ್ಪ ಎಂದರೆ ಎಷ್ಟು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಣಕಾಲಿನಲ್ಲಿ ಆಗಲೇ ಕೆರೆದು ಕೆಂಪಾಗಿದ್ದ ಜಾಗಕ್ಕೆ ದಪ್ಪಗೆ ಮೆತ್ತಿ ಮಲಗಿದೆ. ಬೆಳಿಗ್ಗೆ ಚರ್ಮ ಸುಟ್ಟು ಸುಲಿದಿತ್ತು. ಅದು ಕೀವಾಗಿ, ಗುಳಿಗೆ ನುಂಗಿ, ಎರಡು ವಾರ ತೋಟಕ್ಕೆ ಇಳಿಯದೆ ಕೂತೆ. ಅಂದಿನಿಂದ ಸುಣ್ಣ ಎಲೆಗೆ ಮಾತ್ರ.

ಈಗ ಮಾಡುವುದು ಸರಳ. ಮೊದಲು ತಂಪು: ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ. ಆಮೇಲೆ ಕ್ಯಾಲಮೈನ್ ದ್ರಾವಣ. ಒಣಗಿ ಗುಲಾಬಿ ಪುಡಿಯಾಗುವಷ್ಟರಲ್ಲಿ ಅರ್ಧ ಶಮನ. ನಿದ್ದೆ ಕೆಡಿಸುವ ತುರಿಕೆಯಿದ್ದರೆ ರಾತ್ರಿ ಒಂದು ಸೆಟಿರಿಜಿನ್ ಮಾತ್ರೆ, ವೈದ್ಯರು ಹೇಳಿದ ಪ್ರಮಾಣದಲ್ಲಿ. ಸೊಳ್ಳೆ ಕಚ್ಚಿದ್ದಕ್ಕೆ ಕಾಫಿ ಲೋಟದಲ್ಲಿ ಅದ್ದಿದ ಚಮಚದ ಬೆನ್ನನ್ನು ಕೆಲವು ಕ್ಷಣ ಒತ್ತುವುದೂ ನನಗೆ ಆಗಿಬರುತ್ತದೆ, ಮೊದಲು ಮುಂಗೈ ಮೇಲೆ ಬಿಸಿ ನೋಡಿಕೊಂಡು. ಮಕ್ಕಳಿಗೆ ಈ ಪ್ರಯೋಗ ಬೇಡ. ಅವರಿಗೆ ಉಗುರು ಕತ್ತರಿಸಿಬಿಡುವುದೇ ಮದ್ದು. ತೆಂಗಿನೆಣ್ಣೆ ತುರಿಕೆಯನ್ನು ನಿಲ್ಲಿಸುತ್ತದೆ ಎಂದು ನಾನು ಹೇಳಲಾರೆ, ಕೆರೆಯುವ ಬೆರಳು ಜಾರುತ್ತದೆ, ಅಷ್ಟು ಲಾಭ.

ಮಳೆಗಾಲದಲ್ಲಿ ಪಾತ್ರಗಳು ಬದಲಾಗುತ್ತವೆ. ಉಂಬಳದ (ಜಿಗಣೆಯ) ಕಚ್ಚು ನೋಯುವುದಿಲ್ಲ, ರಕ್ತ ಹರಿಯುತ್ತಲೇ ಇರುತ್ತದೆ, ತುರಿಕೆ ಮರುದಿನ ಬರುತ್ತದೆ. ಉಪ್ಪು ಹುಡುಕಿಕೊಂಡು ಓಡಬೇಕಿಲ್ಲ, ಉಗುರಿನ ಅಂಚನ್ನು ಅದರ ಬಾಯಿಯ ಪಕ್ಕ ಚರ್ಮಕ್ಕೆ ಒತ್ತಿ ಸರಿಸಿದರೆ ಬಿಡುತ್ತದೆ. ತೋಟದ ಸೊಳ್ಳೆಗಳದ್ದು ಬೇರೆ ಕಥೆ. ಕಾಲಿಗೆ ಬಿಳಿ ಪಟ್ಟೆಯಿರುವ, ಹಗಲಿನಲ್ಲೇ ಕಚ್ಚುವ ಇವು ಹುಟ್ಟುವುದು ನಾವೇ ಬಿಟ್ಟ ಅಡಕೆ ಹಾಳೆಯಲ್ಲಿ. ದೋಣಿಯಂತೆ ಅಂಗಾತ ಬಿದ್ದ ಹಾಳೆಯಲ್ಲಿ ಒಂದು ಲೋಟ ನೀರು ನಿಂತರೆ ಅವಕ್ಕೆ ಧಾರಾಳ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು. ಹಾಗಾಗಿ ಪ್ರತಿ ಭಾನುವಾರ ಹಾಳೆಗಳನ್ನು ಹೆಕ್ಕಿ ಕವುಚಿ ಹಾಕುವುದು ನಮ್ಮ ಮನೆಯ ಹುಡುಗರ ಕೆಲಸ. ಮೊದಲ ವರ್ಷ ಗೊಣಗಿದರು. ಮರು ವರ್ಷ ತೋಟದಲ್ಲಿ ನಿಂತು ಮಾತನಾಡುವಂತಾದಾಗ ಸುಮ್ಮನಾದರು.

ಇನ್ನೊಂದು ಮಾತು, ತುರಿಕೆಗಿಂತ ದೊಡ್ಡದು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಇದೇ ಉಣುಗಿನಿಂದ ಹರಡುತ್ತದೆ. ಬರೀ ತುರಿಕೆ ಎಂದರೆ ಮಂಗನ ಕಾಯಿಲೆಯಲ್ಲ. ಆದರೆ ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಒಮ್ಮೆಲೇ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ಕಷಾಯ ಕುಡಿದು ಕಾಯುವಂತಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಉಣುಗು ಕಚ್ಚಿದ್ದನ್ನು ಮೊದಲು ಹೇಳಬೇಕು. ದಿನ ನೆನಪಿರುವುದಿಲ್ಲವೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ 'ಉ' ಎಂದು ಬರೆಯುತ್ತೇವೆ. ಈ ಮಾರ್ಚ್ ಪುಟದಲ್ಲಿ ನಾಲ್ಕು 'ಉ' ಇದ್ದವು: ಎರಡು ನನ್ನವು, ಒಂದು ಹೆಂಡತಿಯದು, ಇನ್ನೊಂದು ಯಾರದೆಂದು ಯಾರೂ ಒಪ್ಪಿಕೊಳ್ಳುತ್ತಿಲ್ಲ.