ದಿನಾ ಓಡಿಸೋಕೆ ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಕಾರು: ಆರಿಸುವುದು ಹೇಗೆ?

ಜೋರಾಗಿ ಓಡುವ ಕಾರು ಹಳೆಯದಾದರೆ ಅದರ ಬೆಲೆ ಇಳಿಯುತ್ತದೆ. ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಇದೊಂದನ್ನು ಮರೆತು ಕೈ ಸುಟ್ಟುಕೊಂಡವರೇ ಜಾಸ್ತಿ. 300 ಅಶ್ವಶಕ್ತಿಯ ಕಾರನ್ನು ನೀವು ಮಾಮೂಲಿ ಕಾರಿನ ದುಡ್ಡಿಗೆ ತಂದಿರಬಹುದು, ಆದರೆ ಅದರ ಬ್ರೇಕು, ಟೈರು, ಕ್ಲಚ್ಚು ಎಲ್ಲವೂ 300 ಅಶ್ವಶಕ್ತಿಯ ಕಾರಿನವೇ ಅಲ್ವಾ? ಹಾಗಂತ ತಗೋಬೇಡಿ ಅಂತ ಹೇಳುತ್ತಿಲ್ಲ. ನಾನೂ ಅಂಥದ್ದೇ ಒಂದರಲ್ಲಿ ದಿನಾ ಕೆಲಸಕ್ಕೆ ಹೋಗುವವನು. ನೋಡಿ ತಗೊಳ್ಳಿ, ಅಷ್ಟೆ.

ಮೊದಲು ನಿಮ್ಮ ದಾರಿ ನೋಡಿ

ಕಾರು ಹುಡುಕುವ ಮುಂಚೆ ಒಂದು ವಾರ ನಿಮ್ಮ ಓಡಾಟವನ್ನು ಗಮನಿಸಿ. ದಿನಕ್ಕೆ ಎಷ್ಟು ಕಿಲೋಮೀಟರ್? ಅದರಲ್ಲಿ ಒಂದನೇ, ಎರಡನೇ ಗೇರಿನಲ್ಲಿ ತೆವಳುವುದು ಎಷ್ಟು ಹೊತ್ತು? ಅರ್ಧ ದಾರಿ ಟ್ರಾಫಿಕ್ಕಿನಲ್ಲೇ ಕಳೆಯುವುದಾದರೆ ಗಟ್ಟಿ ಕ್ಲಚ್ಚಿನ ಕಾರು ಎರಡೇ ತಿಂಗಳಲ್ಲಿ ಬೇಜಾರು ತರಿಸುತ್ತದೆ. ಎರಡು ಕ್ಲಚ್ಚಿನ ಆಟೋಮ್ಯಾಟಿಕ್‌ಗಳಲ್ಲಿ, ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರದ ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗೂ ತೆವಳುವುದು ಆಗಿಬರುವುದಿಲ್ಲ, ಬೇಗ ಬಿಸಿಯಾಗುತ್ತದೆ. ದಾರಿ ತೀರಾ ಚಿಕ್ಕದಾದರೆ ಅದರ ಕಷ್ಟವೇ ಬೇರೆ. ಇಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ನೀವು ಕಾರು ನಿಲ್ಲಿಸಿರುತ್ತೀರಿ. ಮಜ್ದಾ ಆರ್‌ಎಕ್ಸ್-8 ಇದಕ್ಕೆ ಹೆಸರುವಾಸಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಸುಮ್ನೆ ನಾಲ್ಕು ಅಡಿ ಸರಿಸಿ ಆಫ್ ಮಾಡಿದರೆ ಪ್ಲಗ್‌ಗಳು ಪೆಟ್ರೋಲಿನಲ್ಲಿ ನೆನೆದು, ಮತ್ತೆ ಸ್ಟಾರ್ಟ್ ಆಗಲು ಹಟ ಮಾಡುವುದುಂಟು.

ಒಂದೊಂದು ಇಂಜಿನ್ನಿಗೆ ಒಂದೊಂದು ಕಾಯಿಲೆ

ಮನಸ್ಸಿಗೆ ಬಂದ ಎರಡು ಮೂರು ಮಾಡೆಲ್‌ಗಳ ಗುರುತಿರುವ ಕಾಯಿಲೆಗಳನ್ನು ಮೊದಲೇ ಓದಿಕೊಳ್ಳಿ. ಇ92 ಪೀಳಿಗೆಯ ಬಿಎಂಡಬ್ಲ್ಯು ಎಂ3 ಆದರೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ರಾಡ್) ಬೇರಿಂಗ್. ಪೋರ್ಷೆ 911ರಲ್ಲಿ 996 ಮತ್ತು ಮೊದಮೊದಲ 997 ಪೀಳಿಗೆಯವಾದರೆ ಐಎಂಎಸ್ ಬೇರಿಂಗ್, ಅಂದರೆ ಇಂಜಿನ್ನಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐನ ಮೊದಲ ಇಎ888 ಇಂಜಿನ್‌ಗಳಾದರೆ ಟೈಮಿಂಗ್ ಚೈನ್ ಟೆನ್ಷನರ್, ಅಂದರೆ ಇಂಜಿನ್ನಿನೊಳಗಿನ ಚೈನನ್ನು ಬಿಗಿಯಾಗಿಡುವ ಭಾಗ. ಎಲ್ಲ ಕಾರಿನಲ್ಲೂ ಇವು ಕೈಕೊಡುತ್ತವೆ ಅಂತಲ್ಲ. ಆದರೆ ಮಾರುವವರ ಬಳಿ ನೇರವಾಗಿ ಕೇಳಿ: "ಆ ಕೆಲಸ ಆಗಿದೆಯಾ? ಬಿಲ್ ಇದೆಯಾ?" ಬಿಲ್ ತೋರಿಸಿದವರು ಸ್ವಲ್ಪ ಜಾಸ್ತಿ ಕೇಳಿದರೂ ಕೊಡಬಹುದು ಅನ್ನುವುದು ನನ್ನ ಲೆಕ್ಕ. "ಏನೂ ಪ್ರಾಬ್ಲಂ ಇಲ್ಲ, ಒಮ್ಮೆಯೂ ಬಿಚ್ಚಿಲ್ಲ" ಅನ್ನುವವರ ಮಾತಿಗೆ ಖುಷಿಪಡಬೇಡಿ.

ಸರ್ವಿಸ್ ದಾಖಲೆಯಲ್ಲಿ ಇಂಜಿನ್ ಆಯಿಲ್ ಒಂದೇ ಅಲ್ಲ, ಗೇರ್‌ಬಾಕ್ಸ್ ಆಯಿಲ್ ಕೂಡ ಹುಡುಕಿ. ಫೋಕ್ಸ್‌ವ್ಯಾಗನ್‌ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಆದ 6 ಗೇರಿನ ಡಿಎಸ್‌ಜಿಯಲ್ಲಿ ಅದನ್ನು 60,000 ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಇದನ್ನು ತಪ್ಪಿಸಿದವರು ಬೇರೆ ಏನೇನು ತಪ್ಪಿಸಿದ್ದಾರೋ!

ಇಂಜಿನ್ ತಣ್ಣಗಿರುವಾಗಲೇ ಹೋಗಿ

"ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಫೋನಿನಲ್ಲೇ ಹೇಳಿಬಿಡಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಒಮ್ಮೆ ಹೀಗೆ ಕೈಯಿಟ್ಟಾಗ ಬಾನೆಟ್ ಬೆಚ್ಚಗಿತ್ತು. ಕೇಳಿದರೆ, "ಈಗಷ್ಟೇ ತೊಳೆಯೋಕೆ ಹೊರಗೆ ತೆಗೆದೆ" ಅಂದರು. ಕಾರಿನ ಮೇಲೆ ಮಾತ್ರ ಧೂಳು ಹಾಗೇ ಇತ್ತು. ಮರುದಿನ ಬೆಳ್ಳಂಬೆಳಿಗ್ಗೆ ಹೋಗಿ, ನನ್ನೆದುರೇ ಸ್ಟಾರ್ಟ್ ಮಾಡಿಸಿದೆ. ಡಬ್ಬಿಯಲ್ಲಿ ಚಿಲ್ಲರೆ ಹಾಕಿ ಅಲ್ಲಾಡಿಸಿದ ಹಾಗೆ ಎರಡು ಮೂರು ಸೆಕೆಂಡ್ ಗಲಗಲ ಸದ್ದು, ಆಮೇಲೆ ಪೂರ್ತಿ ನಿಶ್ಶಬ್ದ. ಟೈಮಿಂಗ್ ಚೈನ್ ಸಡಿಲವಾದಾಗ ಬರುವ ಸದ್ದು ಅದು. ಇಂಜಿನ್ ಬಿಸಿಯಿದ್ದಿದ್ದರೆ ನನಗೆ ಕೇಳುತ್ತಲೇ ಇರಲಿಲ್ಲ.

ಹೊಗೆಯನ್ನೂ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು, ಅಲ್ಲಿಂದ ಎದ್ದು ಬನ್ನಿ.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳ ಕೋಡ್ ಓದುವ ಒಂದು ಸಣ್ಣ ಸ್ಕ್ಯಾನರ್ ಜೊತೆಗಿರಲಿ. ಕೋಡ್ ಏನೂ ಇಲ್ಲ ಅಂದಾಕ್ಷಣ ನೆಮ್ಮದಿ ಬೇಡ, ರೆಡಿನೆಸ್ ಅನ್ನುವ ಪುಟವನ್ನೂ ತೆರೆಯಿರಿ. ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಪಟ್ಟಿ ಅದು. ಅಲ್ಲಿ ಹಲವು ಪರೀಕ್ಷೆಗಳು "ಪೂರ್ತಿಯಾಗಿಲ್ಲ" ಎಂದು ತೋರಿಸಿದರೆ, ಯಾರೋ ಇತ್ತೀಚೆಗೆ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ಬಿಚ್ಚಿರಬಹುದು. ಯಾಕೆ ಅಂತ ಕೇಳಿ.

ಮಾಡಿಫೈ ಮಾಡಿದ ಕಾರಿನ ಬಗ್ಗೆ ನನ್ನದು ಖಂಡಿತ ಅಭಿಪ್ರಾಯ: ದಿನಬಳಕೆಗೆ ಬೇಡ. ಅದಕ್ಕಿಂತ ತಲೆನೋವು, ಟ್ಯೂನ್ ಮಾಡಿಸಿ ಚೆನ್ನಾಗಿ ಬಡಿದು, ಮಾರುವಾಗ ಮತ್ತೆ ಮೊದಲಿನ ಹಾಗೆ ಮಾಡಿಟ್ಟ ಕಾರು. ಹಳೇ ಇಂಜಿನ್ನಿನ ಮೇಲೆ ಎರಡೇ ಎರಡು ಪೈಪ್ ಕ್ಲಾಂಪ್ ಹೊಳೆಯುತ್ತಿದ್ದರೆ, ತಲೆ ಸವೆದ ಸ್ಕ್ರೂಗಳಿದ್ದರೆ ಅನುಮಾನಪಡಿ.

ಟೈರು ಹೇಳುವ ಕಥೆ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕೂ ಒಂದೇ ಕಂಪನಿಯವಾ, ಒಳ ಅಂಚು ಸವೆದಿದೆಯಾ ಅಂತ ಬಗ್ಗಿ ನೋಡಿ. ಇಷ್ಟು ಜೋರಾದ ಕಾರಿಗೆ ಅಗ್ಗದ, ತರಹೇವಾರಿ ಟೈರು ಹಾಕಿದವರು ಒಳಗಿನ ಆಯಿಲನ್ನೂ ಹಾಗೇ ಹಾಕಿರುತ್ತಾರೆ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳಿಗೆ ಎತ್ತರದ ಏಣು ಸಿಕ್ಕಿದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ.

ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ

ಟೆಸ್ಟ್ ಡ್ರೈವಿನಲ್ಲಿ ಎಲ್ಲರೂ ಮೊದಲು ಒತ್ತುವುದು ಆಕ್ಸಿಲರೇಟರ್. ನೀವು ತೆವಳಿಸಿ. ಏರಿನಲ್ಲಿ ರಿವರ್ಸ್ ತೆಗೆಯಿರಿ, ಹಂಪ್ ಹತ್ತಿಸಿ, ಗೇರ್‌ಬಾಕ್ಸ್ ನಡುಗುತ್ತದಾ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ, ಮ್ಯಾನುವಲ್ ಆದರೆ ದೊಡ್ಡ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆ ಹೋಗಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಬಾರದು.

ಇಷ್ಟಾದ ಮೇಲೂ ಮನಸ್ಸಾದರೆ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಹತ್ತಿರ ಕಾರನ್ನು ಲಿಫ್ಟ್ ಮೇಲೆತ್ತಿ ತೋರಿಸಿ. ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸಿ. ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಿ. ಮೊದಲ ವರ್ಷದ ಟೈರು, ಬ್ರೇಕು, ಆಯಿಲ್‌ಗೆ ಬೇಕಾದ ದುಡ್ಡನ್ನು ಬೇರೆ ಎತ್ತಿಡಿ.

ಇನ್ನೊಂದು ಮಾತು. ಎರಡನೇ ಸಲ ಓಡಿಸುವಾಗ ಹಿಂದಿನ ಸೀಟಿನಲ್ಲಿ ದಿನಾ ಕೂರುವವರನ್ನೂ ಕರೆದುಕೊಂಡು ಹೋಗಿ. ನಿಮಗೆ "ಸ್ವಲ್ಪ ಗಟ್ಟಿ" ಅನ್ನಿಸಿದ ಸಸ್ಪೆನ್ಷನ್ ಅವರಿಗೆ ಹೇಗಿತ್ತು ಅನ್ನುವುದು ಮೂರನೇ ಹಂಪ್ ದಾಟುವಷ್ಟರಲ್ಲಿ ಹಿಂದಿನಿಂದ ಕೇಳಿಬರುತ್ತದೆ.