ಮುಚ್ಚಿ ಹೋಗುವ ಮುಂಚೆ ನಾನು ನೋಡಿದ್ದು

ನಮ್ಮ ಮನೆಯ ನೆಲದ ಸ್ಲ್ಯಾಬ್ ಕೆಲಸ ಶುರುವಾದಾಗ ಮೇಸ್ತ್ರಿಗೆ ನಾನು ಕೇಳಿಕೊಂಡಿದ್ದು ಒಂದೇ ಮಾತು: "ಯಾವುದನ್ನೇ ಮುಚ್ಚುವ ಮುಂಚೆ ನನಗೆ ತೋರಿಸಿ." ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಬರುತ್ತದೆ, ಹಾಳೆಯ ಮೇಲೆ ಕಂಬಿ, ಕಂಬಿಯ ಮೇಲೆ ಕಾಂಕ್ರೀಟ್. ಒಂದೊಂದು ಪದರವೂ ಕೆಳಗಿನದನ್ನು ಮುಚ್ಚುತ್ತಾ ಹೋಗುತ್ತದೆ. ಕಾಂಕ್ರೀಟ್ ಹಾಕುವ ದಿನ ಬಂದು ನೋಡಿದರೆ ಕಾಣುವುದು ಬರೀ ಕಂಬಿ. ಹಾಗಾಗಿ ಒಂದೇ ಸಲ ನೋಡಿ ಮುಗಿಸದೆ, ಹಂತ ಹಂತವಾಗಿ ನೋಡಿದೆ.

ಮೊದಲು ಅಳತೆ. ಹೊರಗಿನ ಅಳತೆ 10 ಮೀಟರ್‌ಗೆ 12 ಮೀಟರ್. ಎದುರುಬದುರು ಬದಿಗಳು ಸಮ ಇದ್ದವು. ಅಷ್ಟಕ್ಕೇ ಮೂಲೆ ನೇರ ಅಂತ ನಂಬಬಾರದು. ಮೂಲೆಯಿಂದ ಮೂಲೆಗೆ ಓರೆಯಾಗಿ ಟೇಪು ಹಿಡಿದೆವು. ಎರಡೂ ಕಡೆ 15.62 ಮೀಟರ್ ಬಂದರೆ ಮಾತ್ರ ಮೂಲೆಗಳು ಸರಿ. ಬಂತು. ಈ ಕೆಲಸಕ್ಕೆ ಸ್ವಲ್ಪ ಹೊತ್ತು ಸಾಕು, ಆದರೆ ಮೂಲೆ ತಪ್ಪಿದರೆ ಗೋಡೆ, ಟೈಲ್ಸ್, ಛಾವಣಿ ಎಲ್ಲಕ್ಕೂ ಅದೇ ಓರೆ ಹೋಗುತ್ತದೆ.

ಆಮೇಲೆ ಮಣ್ಣು. ನಾನು ಜಾಸ್ತಿ ಹೊತ್ತು ನಿಂತಿದ್ದು ಇಲ್ಲೇ. ಪಾಯದ ಗೋಡೆಗಳ ನಡುವೆ ತುಂಬಿದ ಮಣ್ಣು ಸರಿಯಾಗಿ ಕೂರದಿದ್ದರೆ, ಮೇಲೆ ಎಷ್ಟೇ ಒಳ್ಳೆ ಕಾಂಕ್ರೀಟ್ ಹಾಕಿದರೂ ಕೆಳಗೆ ಪೊಳ್ಳಾಗಿ ನೆಲ ಬಿರುಕು ಬಿಡುತ್ತದೆ. ಒಂದೇ ಸಲ ಪೂರ್ತಿ ತುಂಬಿ ಮೇಲಿಂದ ದಮ್ಮಸ್ಸು ಹೊಡೆದರೆ ಮೇಲಿನ ಮಣ್ಣಷ್ಟೇ ಗಟ್ಟಿಯಾಗುತ್ತದೆ. ಅದಕ್ಕೇ 150ರಿಂದ 200 ಮಿಲಿಮೀಟರ್ ಪದರ ಹಾಕಿ, ಒಂದೊಂದಕ್ಕೂ ಹೊಡೆಸಿದೆವು. ತೇವವೂ ಹದವಾಗಿರಬೇಕು. ಒಂದು ಹಿಡಿ ಮಣ್ಣು ಹಿಂಡಿ ನೋಡುತ್ತಿದ್ದೆ: ಉಂಡೆ ಕಟ್ಟಬೇಕು, ಕೈಗೆ ನೀರು ಜಿನುಗಬಾರದು. ಪುಡಿಯಾದರೆ ನೀರು ಚಿಮುಕಿಸಬೇಕು, ಕೆಸರಾದರೆ ಆರುವವರೆಗೂ ಕಾಯಬೇಕು.

ಹೊಡೆದ ಮೇಲೆ ಒಂದು ಮೊನಚು ಕಂಬಿ ತೆಗೆದುಕೊಂಡು ಅಲ್ಲಲ್ಲಿ ಚುಚ್ಚಿ ನೋಡಿದೆ. ಇದೇನು ಲ್ಯಾಬ್ ಪರೀಕ್ಷೆಯಲ್ಲ, ಆದರೂ ಯಾವ ಜಾಗ ಮೆತ್ತಗಿದೆ ಅಂತ ಕೈಗೇ ಗೊತ್ತಾಗುತ್ತದೆ. ನಡುಭಾಗ ಗಟ್ಟಿಯಿತ್ತು. ಗೋಡೆಯ ಪಕ್ಕ ಮತ್ತು ಪೈಪಿನ ಕಾಲುವೆಯ ಮೇಲೆ ಕಂಬಿ ಸಲೀಸಾಗಿ ಇಳಿಯಿತು. ಯಂತ್ರ ಅಂಚಿನವರೆಗೂ ಹೋಗುವುದಿಲ್ಲ ಅಲ್ವಾ, ಸಾಮಾನ್ಯವಾಗಿ ಉಳಿದುಹೋಗುವುದು ಅದೇ ಜಾಗ. ಅಲ್ಲಿ ಮಣ್ಣು ತೆಗೆಸಿ, ಮತ್ತೆ ತುಂಬಿ, ಕೈಯಿಂದಲೇ ಹೊಡೆಸಿದೆವು. ಮಳೆ ಬಂದು ಒಂದು ಮೂಲೆಯಲ್ಲಿ ನೀರು ನಿಂತಾಗಲೂ ಅಷ್ಟೇ. ನೀರು ಬಳಿದು ಹಾಕಿದರೆ ಸಾಲದು, ಕೆಳಗಿನ ರಾಡಿಯನ್ನೂ ಕೆರೆದು ತೆಗೆಯಬೇಕು.

ಪೈಪುಗಳ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡಲಿಲ್ಲ. ಟಾಯ್ಲೆಟ್ ಪೈಪಿಗೆ 60ಕ್ಕೆ 1ರಂತೆ ಇಳಿಜಾರು ಬೇಕಿತ್ತು. ಅಂದರೆ 6 ಮೀಟರ್ ಉದ್ದಕ್ಕೆ 100 ಮಿಲಿಮೀಟರ್ ಇಳಿಯಬೇಕು. ಎರಡು ತುದಿಗೂ ನೀರು ತುಂಬಿದ, ಮಟ್ಟ ನೋಡುವ ಟ್ಯೂಬ್ ಹಿಡಿದು ನೋಡಿದೆವು. ತುದಿಗಳು ಸರಿಯಿದ್ದರೂ ನಡುವೆ ಪೈಪ್ ಜಗ್ಗಿರಬಹುದು, ಹಾಗಾಗಿ ಉದ್ದಕ್ಕೂ ದಾರ ಕಟ್ಟಿದೆವು. ಆಮೇಲೆ ಕೆಳತುದಿ ಮುಚ್ಚಿ, ಪೈಪಿಗೆ ನೀರು ತುಂಬಿ, ಮೇಲೆ ಗುರುತು ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ನೀರು ಗುರುತಿನಲ್ಲೇ ಇದ್ದ ಮೇಲೆಯೇ ಕಾಲುವೆ ಮುಚ್ಚಲು ಹೇಳಿದ್ದು. ಪೈಪಿನ ಪಕ್ಕ ಟೇಪು ಚಾಚಿಟ್ಟು, ಗೋಡೆಯಿಂದ ಎಷ್ಟು ದೂರ ಅಂತ ಕಾಣುವ ಹಾಗೆ ಫೋಟೊ ತೆಗೆದುಕೊಂಡೆ. ಮುಂದೆ ಯಾರಾದರೂ ನೆಲ ಕೊರೆಯಬೇಕಾದರೆ ಆ ಫೋಟೊಗಳೇ ನಕ್ಷೆ. ಮೇಲೆ ಎದ್ದಿರುವ ಬಾಯಿಗಳಿಗೆಲ್ಲ ಮುಚ್ಚಳ ಹಾಕಿಸಿದೆ. ಸಿಮೆಂಟ್ ಹಾಲು ಒಳಗೆ ಹೋಗಿ ಗಟ್ಟಿಯಾದರೆ ತೆಗೆಯುವುದು ಬಹಳ ಕಷ್ಟ.

ಪ್ಲಾಸ್ಟಿಕ್ ಹಾಳೆ ಮಣ್ಣಿನ ತೇವ ನೆಲಕ್ಕೆ ಏರದಂತೆ ತಡೆಯುತ್ತದೆ. ಒಂದರ ಮೇಲೊಂದು ಕನಿಷ್ಠ 150 ಮಿಲಿಮೀಟರ್ ಬರುವಂತೆ ಹಾಸಿ, ಕೂಡುವಲ್ಲಿ ಮತ್ತು ಪೈಪಿನ ಸುತ್ತ ಟೇಪ್ ಅಂಟಿಸಿದ್ದರು. ಕಂಬಿ ಎಳೆದಾಡಿದಾಗ ಹರಿದ ಜಾಗಗಳನ್ನು ಹುಡುಕಿ ತೇಪೆ ಹಾಕಿಸಿದೆ.

ಇನ್ನು ಕಂಬಿ. ಎಷ್ಟು ದಪ್ಪ, ಎಷ್ಟು ಅಂತರ ಎನ್ನುವುದು ಡ್ರಾಯಿಂಗ್‌ನಲ್ಲಿ ಇರುತ್ತದೆ, ಟೇಪು ಹಿಡಿದರೆ ಮುಗಿಯಿತು. ನಮ್ಮ ಡ್ರಾಯಿಂಗ್ ಪ್ರಕಾರ ಜೋಡಣೆ, ಅಂದರೆ ಎರಡು ಕಂಬಿ ಸೇರುವಲ್ಲಿ ಒಂದರ ಪಕ್ಕ ಇನ್ನೊಂದು ಬರುವ ಉದ್ದ, ಕಂಬಿಯ ದಪ್ಪದ 50 ಪಟ್ಟು, ಅಂದರೆ ಬೀಮ್‌ನ 12 ಮಿಲಿಮೀಟರ್ ಕಂಬಿಗೆ 600 ಮಿಲಿಮೀಟರ್. ಎಲ್ಲ ಜೋಡಣೆಯೂ ಒಂದೇ ಸಾಲಿನಲ್ಲಿ ಬೀಳದ ಹಾಗೆ ನೋಡಿದೆ. ಕಂಬಿ ಎಷ್ಟು ಎತ್ತರದಲ್ಲಿ ಕೂತಿದೆ ಎನ್ನುವುದು ಇದಕ್ಕಿಂತ ದೊಡ್ಡ ವಿಷಯ. ನೆಲದ ಜಾಲರಿ ಸ್ಲ್ಯಾಬಿನ ಮೇಲಿನ ಅರ್ಧದಲ್ಲಿ ಇದ್ದರೆ ಮಾತ್ರ ಬಿರುಕು ಅಗಲವಾಗದಂತೆ ಹಿಡಿಯುತ್ತದೆ. ಹಾಳೆಯ ಮೇಲೆ ಬಿದ್ದುಕೊಂಡಿದ್ದರೆ ಇದ್ದೂ ಇಲ್ಲದಂತೆ. "ಕಾಂಕ್ರೀಟ್ ಹಾಕುವಾಗ ಕೊಕ್ಕೆಯಿಂದ ಎತ್ತುತ್ತೇವೆ ಸಾರ್" ಅಂದರು. ನಾನು ಒಪ್ಪಲಿಲ್ಲ. ಎತ್ತಿದ ಜಾಗದಲ್ಲೇ ಮುಂದಿನ ಹೆಜ್ಜೆ ಬೀಳುತ್ತದೆ, ಮತ್ತೆ ಕೆಳಗೆ ಹೋಗುತ್ತದೆ. ಕಂಬಿಯನ್ನು ಎತ್ತರದಲ್ಲಿ ಹಿಡಿದಿಡುವ ಚಿಕ್ಕ ಆಧಾರದ ತುಂಡುಗಳನ್ನು, ಅಂದರೆ ಕವರ್ ಬ್ಲಾಕ್‌ಗಳನ್ನು, ಹತ್ತಿರ ಹತ್ತಿರ ಇಡಿಸಿದೆ. ಇಟ್ಟಿಗೆ ಚೂರು, ಮರದ ತುಂಡು ಎಲ್ಲ ತೆಗೆಸಿದೆ, ಅವು ತೇವ ಹೀರಿ ಕಂಬಿಗೆ ತಲುಪಿಸುತ್ತವೆ. ಅಂಚಿನ ಬೀಮ್‌ನಲ್ಲಿ ಮಣ್ಣಿಗೆ ತಾಗುವ ಕಡೆ 75 ಮಿಲಿಮೀಟರ್ ಕವರ್, ಅಂದರೆ ಕಂಬಿಯ ಹೊರಗೆ ಅಷ್ಟು ದಪ್ಪ ಕಾಂಕ್ರೀಟ್ ಬರುವಂತೆ ಜಾಗ, ಬಿಟ್ಟೆವು. ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಕಾಂಕ್ರೀಟನ್ನೇ ಒಡೆಯುತ್ತದೆ.

ಕೊನೆಗೆ ಎದುರುಬದುರು ಶಟರಿಂಗ್ (ಕಾಂಕ್ರೀಟನ್ನು ಹಿಡಿದಿಡಲು ಸುತ್ತ ಕಟ್ಟುವ ಅಚ್ಚು) ಅಂಚಿಗೆ ದಾರ ಬಿಗಿದು, ಕೆಳಗಿನ ಹಾಳೆಯವರೆಗೆ ಆಳ ಅಳೆದೆ. ಎಲ್ಲ ಕಡೆ 100 ಮಿಲಿಮೀಟರ್ ಬರಬೇಕಿತ್ತು. ಅಡುಗೆಮನೆಯ ಜಾಗದಲ್ಲಿ ಮಣ್ಣು ಉಬ್ಬಿ 75 ಮಾತ್ರ ಸಿಕ್ಕಿತು. ಅಂದರೆ ಅಲ್ಲಿ ಕಾಲು ಭಾಗ ಕಾಂಕ್ರೀಟೇ ಕಮ್ಮಿ. ಅಷ್ಟು ಜಾಗದ ಜಾಲರಿ ಎತ್ತಿಸಿ, ಹಾಳೆ ಮಡಚಿ, ಮಣ್ಣು ಕೆರೆಸಿ ಸಮ ಮಾಡಿಸಿದೆ. ಬೇಸರ ಮಾಡಿಕೊಂಡರೂ ಮಾಡಿಕೊಟ್ಟರು.

ಕಾಂಕ್ರೀಟ್ ಹಾಕುವ ಬೆಳಿಗ್ಗೆ ಕಂಬಿಯ ಮೇಲೆ ಓಡಾಡಲು ಹಲಗೆ ಹಾಕಿಸಿದೆ. ಜಾರಿದ ಕವರ್ ಬ್ಲಾಕ್ ಮತ್ತೆ ಕೂರಿಸಲೆಂದೇ ಒಬ್ಬರನ್ನು ನಿಲ್ಲಿಸಿದೆ. ಹರಡಲು ಸುಲಭ ಅಂತ ಕಾಂಕ್ರೀಟಿಗೆ ನೀರು ಸೇರಿಸುವುದು ಬೇಡ ಎಂದು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದೆ.