ಹಳೆ ವಿಮಾನದ ಪೆಟ್ರೋಲ್ ಟ್ಯಾಂಕ್ ಇಳಿಸುವುದು ಹೇಗೆ?

ಪುಷ್ಪಕ್ ಗೊತ್ತಲ್ವಾ? ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಹುಟ್ಟಿ, 1958ರಲ್ಲಿ ಮೊದಲ ಸಲ ಹಾರಿದ ಎರಡು ಸೀಟಿನ ವಿಮಾನ. ಪೈಪಿನ ಚೌಕಟ್ಟು, ಅದಕ್ಕೆ ಬಟ್ಟೆಯ ಹೊದಿಕೆ, ಮುಂದೆ 90 ಅಶ್ವಶಕ್ತಿಯ ಎಂಜಿನ್. ಆ ಪೀಳಿಗೆಯ ವಿಮಾನ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಟ್ಯಾಂಕ್ ಸೋರುವ ತಲೆನೋವು ತಪ್ಪಿದ್ದಲ್ಲ.

ಉದಾಹರಣೆಗೆ ಅಮೆರಿಕದ ಪೈಪರ್ ಜೆ-3 ಕಬ್ ತೆಗೆದುಕೊಳ್ಳೋಣ. ಅದರ ಟ್ಯಾಂಕ್ ಎಂಜಿನ್ ಹಿಂದೆ, ಮುಂದಿನ ಸೀಟಿನವರ ಮೊಣಕಾಲಿನ ಮೇಲುಗಡೆ ಕೂತಿರುತ್ತದೆ. ಹಿಡಿಯುವುದು ಸುಮಾರು 45 ಲೀಟರ್. ಪಂಪ್ ಇಲ್ಲ, ಮನೆ ಮೇಲಿನ ಟ್ಯಾಂಕಿನಿಂದ ನಲ್ಲಿಗೆ ನೀರು ಬಂದಂತೆ ಪೆಟ್ರೋಲ್ ತಾನೇ ಇಳಿದು ಬರುತ್ತದೆ. ಗೇಜು ಇನ್ನೂ ಚಂದ: ಒಳಗೆ ತೇಲುವ ಬೆಂಡು, ಅದಕ್ಕೆ ಸಿಕ್ಕಿಸಿದ ತಂತಿ ಮುಚ್ಚಳದಿಂದ ಹೊರಗೆ ಇಣುಕುತ್ತದೆ. ತಂತಿ ಕೆಳಗಿಳಿದರೆ ಪೆಟ್ರೋಲ್ ಮುಗಿಯುತ್ತಾ ಬಂತು ಎಂದರ್ಥ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾರುವ ವಿಮಾನವಾದರೆ ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಲೈಸೆನ್ಸ್ ಇರುವ ಎಂಜಿನಿಯರ್ ಪಕ್ಕದಲ್ಲಿರಲೇಬೇಕು. ಕೆಲಸ ಲಾಗ್‌ಬುಕ್ಕಿಗೂ ಏರಬೇಕು.

ಕೆಲಸವನ್ನು ಹ್ಯಾಂಗರ್ ಹೊರಗೆ, ಗಾಳಿ ಆಡುವ ಕಡೆ ಶುರು ಮಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಹತ್ತು ಹೆಜ್ಜೆ ಆಚೆ ಟೀ ಕಾಯಿಸುವ ಸ್ಟೌ ಇದ್ದರೂ ಬೇಡ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಸ್ವಿಚ್ ಆಫ್ ಇದೆಯಾ ನೋಡಿ. ಆಮೇಲೂ ಪ್ರೊಪೆಲ್ಲರ್ ತಿರುಗಿಸಬೇಡಿ. ಅದು ತಿರುಗಿದರೆ ಬ್ಯಾಟರಿಯೇ ಇಲ್ಲದ ವಿಮಾನದಲ್ಲೂ ಮ್ಯಾಗ್ನೆಟೋ ಕಿಡಿ ಕೊಡುತ್ತದೆ. ಸ್ವಿಚ್ಚಿನ ಒಂದು ವೈರ್ ಕಡಿದಿದ್ದರೆ ಆಫ್ ಮಾಡಿದ್ದೂ ಸುಳ್ಳೇ.

ಇನ್ನು ಪೆಟ್ರೋಲ್ ಇಳಿಸುವುದು. ವಿಮಾನ, ಕ್ಯಾನ್ ಎರಡನ್ನೂ ತಂತಿಯಿಂದ ಜೋಡಿಸಿ ಅರ್ಥ್ ಮಾಡಿ. ಕ್ಯಾನ್ ಲೋಹದ್ದೇ ಆಗಿರಲಿ. ಪ್ಲಾಸ್ಟಿಕ್ ಬಕೆಟ್, ನೈಲಾನ್ ಅಂಗಿ ಎರಡೂ ಸ್ಟಾಟಿಕ್ ಕರೆಂಟಿನ ಗೂಡು. ತುಂಬಿದ ಟ್ಯಾಂಕಿನಲ್ಲಿ 32 ಕಿಲೋ ಪೆಟ್ರೋಲ್ ಇರುತ್ತದೆ, ಹಾಗಾಗಿ ಅವಸರ ಬೇಡ.

ಈಗ ನಿಜವಾದ ಕೆಲಸ. ಟ್ಯಾಂಕ್ ತಲುಪಲು ಮುಂದಿನ ತಗಡಿನ ಮುಚ್ಚಿಗೆ ತೆಗೆಯಬೇಕು, ಆಮೇಲೆ ಎದುರಿನ ಪ್ಲಾಸ್ಟಿಕ್ ಗಾಜು. ಎಷ್ಟೋ ಜನ ಸೋಲುವುದು ಈ ಗಾಜಿನ ಹತ್ತಿರ. ಹಳೇ ಪ್ಲಾಸ್ಟಿಕ್ ಸ್ಕ್ರೂ ತೂತಿನಿಂದ ಸೀಳಲು ಕಾದಿರುತ್ತದೆ, ಚಳಿಯಲ್ಲಂತೂ ಇನ್ನೂ ಬೇಗ. ಜನವರಿ ಬೆಳಗಿನ ಹೊತ್ತು ಮುಟ್ಟಬೇಡಿ, ಬಿಸಿಲೇರಲಿ. ಎಲ್ಲಾ ಸ್ಕ್ರೂ ಸ್ವಲ್ಪ ಸ್ವಲ್ಪ ಸಡಿಲಿಸಿ, ಆಮೇಲೆ ಒಂದೊಂದಾಗಿ ಬಿಚ್ಚಿ. ತೆಗೆದ ಸ್ಕ್ರೂಗಳನ್ನು ರಟ್ಟಿನ ಮೇಲೆ ಗಾಜಿನ ಚಿತ್ರ ಬರೆದು, ಅದೇ ಜಾಗದಲ್ಲಿ ಚುಚ್ಚಿಡಿ. ಮೊಬೈಲ್ ಫೋಟೋಗಿಂತ ನನಗೆ ರಟ್ಟೇ ಇಷ್ಟ. ಹಾಂ, ಪೆಟ್ರೋಲ್ ವಾಸನೆ ಇರುವ ಕಡೆ ಮೊಬೈಲನ್ನೇ ದೂರ ಇಡಿ.

ಪೈಪ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು. ಒಂದರಿಂದ ಟ್ಯಾಂಕ್ ಕಡೆಯ ಫಿಟಿಂಗ್ ಹಿಡಿದುಕೊಳ್ಳಿ, ಇನ್ನೊಂದರಿಂದ ನಟ್ ತಿರುಗಿಸಿ. ಸುಮ್ನೆ ಒಂದರಲ್ಲೇ ತಿರುಗಿಸಿದರೆ ಫಿಟಿಂಗೇ ತಿರುಗಿ ಬೆಸುಗೆ ಕಿತ್ತುಬರುತ್ತದೆ. ಕೊನೆಗೆ ಟ್ಯಾಂಕ್ ಹಿಡಿದ ಪಟ್ಟಿಗಳು. ಅವುಗಳ ಕೆಳಗಿನ ಮೆತ್ತೆ ನೀರು ಹೀರಿಕೊಂಡು ತಗಡನ್ನು ತಿಂದಿರುತ್ತದೆ. ಸೋರಿಕೆ ಹುಡುಕುವವರು ಮೊದಲು ನೋಡಬೇಕಾದ ಜಾಗ ಅದೇ. ವಿಮಾನದ 100 ಎಲ್‌ಎಲ್ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಸೋರಿದ ಕಡೆ ನೀಲಿ ಕಲೆ ಕಾಣಬಹುದು. ಪಟ್ಟಿ ಬಿಚ್ಚಿದ ಮೇಲೆ ಟ್ಯಾಂಕನ್ನು ಇಬ್ಬರು ಹಿಡಿದು ಮೇಲಕ್ಕೆ ಎತ್ತಿ, ನೇರವಾಗಿ.

ಟ್ಯಾಂಕ್ ಕೆಳಗಿಳಿಯಿತು ಎಂದು ನಿಟ್ಟುಸಿರು ಬಿಡಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಿಂದಲೇ ಅಪಾಯ ಜಾಸ್ತಿ, ಒಳಗೆ ಆವಿಯೂ ಗಾಳಿಯೂ ಸೇರಿರುತ್ತವೆ. ಜೆ.ಸಿ. ರಸ್ತೆಯ ರೇಡಿಯೇಟರ್ ಅಂಗಡಿಗೆ ಹಾಗೇ ಒಯ್ದು 'ಬೆಸುಗೆ ಹಾಕಿಕೊಡಿ' ಎನ್ನುವ ಸಾಹಸ ಬೇಡವೇ ಬೇಡ. ಬೆಸುಗೆ ಏನಿದ್ದರೂ ಆವಿ ಪೂರ್ತಿ ಹೊರಹಾಕಿ, ಪರೀಕ್ಷೆ ಮಾಡಿದ ಮೇಲೆ, ಇದೇ ಕೆಲಸ ಗೊತ್ತಿರುವವರ ಕೈಯಲ್ಲಿ.

ರಿಪೇರಿಯಾದ ಮೇಲೆ ಪರೀಕ್ಷೆಗೆ ಕಂಪ್ರೆಸರ್ ಹಚ್ಚಬೇಡಿ, ತಗಡು ಉಬ್ಬಿ ಹೋಗುತ್ತದೆ. ಪೈಪಿನ ಬಾಯಿಗೆ ಊದಿದ ಬಲೂನು ಸಿಕ್ಕಿಸಿ, ಬೇರೆ ತೂತುಗಳನ್ನೆಲ್ಲಾ ಮುಚ್ಚಿ, ಅಂಚಿನ ಸುತ್ತ ಸೋಪಿನ ನೀರು ಬಳಿಯಿರಿ. ಗುಳ್ಳೆ ಎದ್ದ ಕಡೆ ಪೆನ್ಸಿಲ್ ಗುರುತು ಹಾಕಿ.